ಫೈರ್‌ವಾಲ್ ಮಾಡ್ಯೂಲ್ ಬಿಟ್ಟು ಕರ್ನಲ್ ಒಳಗೇ ಕೂರಿಸಿದ್ದು: ನನ್ನ ಅನುಭವ

ಈ ಮಳೆಗಾಲ ಭಾಗಮಂಡಲ ಕಡೆಯ ಹೋಂಸ್ಟೇಗಳಿಂದ ‘ನೆಟ್ ಇಲ್ಲ’ ಅಂತ ಫೋನ್ ಬಂದದ್ದು ನಿಜ. ಆದರೆ ಒಂದಕ್ಕೂ ನಾನು ಅಲ್ಲಿ ಕೂರಿಸಿ ನೋಡಿಕೊಳ್ಳುವ ಫೈರ್‌ವಾಲ್ ಡಬ್ಬಿ ಕಾರಣ ಅಲ್ಲ. ಲೈನ್ ಮೇಲೆ ಮರ ಬಿದ್ದದ್ದು, ಫೈಬರ್ ತುಂಡಾದದ್ದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ನೆಟ್‌ಫಿಲ್ಟರ್ (ಲಿನಕ್ಸಿನ ಫೈರ್‌ವಾಲ್ ಭಾಗ) ಬೇಕಾದಾಗ ಹತ್ತಿಸುವ, ಅಂದರೆ ಲೋಡ್ ಮಾಡುವ, ಬಿಡಿ ಮಾಡ್ಯೂಲ್ ಆಗಿ ಇಡದೆ ಪೂರ್ತಿ ಕರ್ನಲ್ (ಲಿನಕ್ಸಿನ ತಿರುಳು) ಒಳಗೇ ಕಂಪೈಲ್ ಮಾಡಿ ಹಾಕ್ತೇನೆ ಅಂದಾಗ ಮೈಸೂರಿನ ಗೆಳೆಯ ‘ಏನಪ್ಪಾ, ಮತ್ತೆ ಐಪಿಚೈನ್ಸ್ ಕಾಲಕ್ಕೆ ಹೊರಟೆಯಾ?’ ಅಂತ ಲಿನಕ್ಸಿನ ಹಳೇ ಫೈರ್‌ವಾಲ್ ಹೆಸರು ಹೇಳಿ ನಕ್ಕಿದ್ದ. ಈಗ ಅವನೇ ನನ್ನ ಕಾನ್ಫಿಗ್ ಫೈಲ್ ಕೇಳುತ್ತಿದ್ದಾನೆ.

ಡಬ್ಬಿ ಅಂದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದ ಥಿನ್ ಕ್ಲೈಂಟ್ ಅನ್ನುವ ಪುಟ್ಟ ಕಂಪ್ಯೂಟರ್, ಒಂದಕ್ಕೆ ಮೂರು ಸಾವಿರದ ಆಸುಪಾಸು. ಮೇಲೆ ಡೆಬಿಯನ್ ಲಿನಕ್ಸ್, ಫೈರ್‌ವಾಲ್ ರೂಲ್ ಹಾಕಲು ಹಳೇ ತರಹದ ಐಪಿಟೇಬಲ್ಸ್ ಲೆಗಸಿ. ಮಳೆ ಇಲ್ಲದಾಗ ಏನೂ ತೊಂದರೆ ಇರಲಿಲ್ಲ. ಕಕ್ಕಡ ತಿಂಗಳಲ್ಲಿ (ಕೊಡಗಿನ ಜೋರು ಮಳೆಯ ಕಾಲ) ಕರೆಂಟ್ ಹೋಗಿ ಬಂದು ಮಾಡುವುದಕ್ಕೆ ಲೆಕ್ಕವೇ ಇಲ್ಲ. ರಾತ್ರಿ ಅಪ್‌ಗ್ರೇಡ್ ನಡೆಯುವಾಗಲೇ ಕರೆಂಟ್ ಹೋದರೆ ಬೆಳಿಗ್ಗೆ ಹೊಸ ಕರ್ನಲ್ ಏಳುತ್ತದೆ, ಮಾಡ್ಯೂಲ್ಸ್.ಡೆಪ್ ಫೈಲ್ (ಯಾವ ಮಾಡ್ಯೂಲ್ ಎಲ್ಲಿದೆ ಅನ್ನುವ ಪಟ್ಟಿ) ಮಾತ್ರ ಸೊನ್ನೆ ಬೈಟ್. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಬೂಟ್ ಶುರುವಿಗೆ ಓದುವ ಪುಟ್ಟ ಫೈಲ್ ಕಟ್ಟು ಇನಿಟ್‌ರಾಮ್‌ಎಫ್‌ಎಸ್‌ನಿಂದ ಬಂದಿರುತ್ತದೆ, ಹಾಗಾಗಿ ಲಿಂಕ್ ಇದೆ, ಐಪಿ ಇದೆ. ಐಪಿಟೇಬಲ್ಸ್ ಮಾತ್ರ ‘ಟೇಬಲ್ ಡಸ್ ನಾಟ್ ಎಕ್ಸಿಸ್ಟ್, ಡು ಯು ನೀಡ್ ಟು ಇನ್ಸ್‌ಮಾಡ್?’ (ಟೇಬಲ್ ಇಲ್ಲ, ಮಾಡ್ಯೂಲ್ ಹತ್ತಿಸಬೇಕಾ?) ಅಂತ ನಮ್ಮನ್ನೇ ಕೇಳುತ್ತದೆ! ನ್ಯಾಟ್ (ಒಂದೇ ಐಪಿಯನ್ನು ಎಲ್ಲರಿಗೂ ಹಂಚುವುದು) ಇಲ್ಲ, ಅತಿಥಿಗಳಿಗೆ ನೆಟ್ ಇಲ್ಲ. ಅದಕ್ಕಿಂತ ಕೆಟ್ಟದ್ದು, ಒಂದು ರೂಲೂ ಹತ್ತದ ಡಬ್ಬಿಯ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಬಾಗಿಲು) ಹೊರಗಡೆಗೆ ಬಾಯಿ ತೆರೆದು ಕೂತಿರುತ್ತದೆ.

ಮಡಿಕೇರಿಯಿಂದ ಅಲ್ಲಿಗೆ ನಲವತ್ತು ಕಿ.ಮೀ. ಹತ್ತಿರ. ಬೈಕ್ ಹೋಗದ ದಿನ ಬಾಡಿಗೆ ಜೀಪಿಗೆ ಎರಡು ಸಾವಿರ ಕೊಟ್ಟು, ಮಾಲೀಕರಿಂದ ಐನೂರು ಕೇಳಲೂ ಸಂಕೋಚ.

ಮೊದಲು ಮಾಡ್ಯೂಲ್‌ಗಳ ಹೆಸರನ್ನೆಲ್ಲ ಇಟಿಸಿ-ಮಾಡ್ಯೂಲ್ಸ್ ಫೈಲಿಗೆ ಬರೆದೆ. ಓದುವುದು ಅದೇ ಹಾಳಾದ ಜಾಗದಿಂದಲೇ, ಪ್ರಯೋಜನ ಆಗಲಿಲ್ಲ. ಇನಿಟ್‌ರಾಮ್‌ಎಫ್‌ಎಸ್‌ಗೆ ತುಂಬಿಸಿದೆ. ಅದೂ ಅದೇ ಅಪ್‌ಗ್ರೇಡ್ ಹೊತ್ತಿನಲ್ಲೇ ತಯಾರಾಗುವುದು, ಅರ್ಧಕ್ಕೆ ನಿಂತರೆ ಡಬ್ಬಿ ಏಳುವುದೇ ಇಲ್ಲ. ಕೊನೆಗೆ ಒಂದೊಂದಕ್ಕೆ ಎರಡೂವರೆ ಸಾವಿರದ ಯುಪಿಎಸ್. ಎರಡು ದಿನ ಕರೆಂಟ್ ಇಲ್ಲದ ಊರಲ್ಲಿ ಅದು ಚಾರ್ಜ್ ಆಗುವುದಾದರೂ ಯಾವಾಗ? ಎರಡನೇ ಮಳೆಗಾಲಕ್ಕೆ ಬ್ಯಾಟರಿಗಳು ಉಬ್ಬಿದವು. ಯುಪಿಎಸ್‌ಗೆ ಸುರಿದ ದುಡ್ಡಲ್ಲಿ ಇನ್ನೊಂದು ಒಳ್ಳೆ ಲ್ಯಾಪ್‌ಟಾಪ್ ಬರುತ್ತಿತ್ತು.

ಕೆಲಸ ಮಾಡಿದ್ದು ಇದು. ರೂಲ್ ಎಲ್ಲ ಹತ್ತಿರುವ, ವಿಪಿಎನ್ ಎದ್ದಿರುವ, 4ಜಿ ಡಾಂಗಲ್ ಚುಚ್ಚಿರುವ ಡಬ್ಬಿಯಿಂದ ಎಲ್‌ಎಸ್‌ಮಾಡ್ ಪಟ್ಟಿ (ಆಗ ಹತ್ತಿರುವ ಮಾಡ್ಯೂಲ್‌ಗಳದ್ದು) ತೆಗೆದು, ಅದನ್ನು ಕೊಟ್ಟು ‘ಮೇಕ್ ಲೋಕಲ್‌ಯೆಸ್‌ಕಾನ್ಫಿಗ್’ ಓಡಿಸಿ. ಆ ಹೊತ್ತಿಗೆ ಹತ್ತಿರುವ ಮಾಡ್ಯೂಲ್‌ಗಳೆಲ್ಲ ‘ಎಂ’ನಿಂದ (ಬಿಡಿ ಮಾಡ್ಯೂಲ್) ‘ವೈ’ (ಕರ್ನಲ್ ಒಳಗೆ) ಆಗುತ್ತವೆ, ಹತ್ತದವು ಬಿದ್ದುಹೋಗುತ್ತವೆ. ಡಾಂಗಲ್ ಚುಚ್ಚದೆ ಪಟ್ಟಿ ತೆಗೆದಿರೋ, ಅದರ ಡ್ರೈವರೂ ಹೋಯಿತು. ಆಮೇಲೆ ಕರ್ನಲ್ ಆಯ್ಕೆಗಳ ಮೆನು ಆದ ಮೆನುಕಾನ್ಫಿಗ್‌ನಲ್ಲಿ ಕೈಯಾರೆ ನೋಡಬೇಕು. ಕಾನ್‌ಟ್ರ್ಯಾಕ್ (ಸಂಪರ್ಕಗಳ ಲೆಕ್ಕ ಇಡುವ ಭಾಗ) ‘ಎಂ’ ಇದ್ದರೆ ನ್ಯಾಟ್‌ಗೆ ನಕ್ಷತ್ರ, ಅಂದರೆ ‘ವೈ’, ಬೀಳುವುದೇ ಇಲ್ಲ. ಲಿಮಿಟ್, ಮಲ್ಟಿಪೋರ್ಟ್ ತರಹದ, ರೂಲಿಗೆ ಷರತ್ತು ಹಾಕುವ ಸಣ್ಣ ಮ್ಯಾಚ್‌ಗಳ ಮೇಲೂ ಕಣ್ಣಿರಲಿ. ಅಂಥ ಒಂದು ಇಲ್ಲದಿದ್ದರೂ ರೂಲ್ ಫೈಲ್ ಓದಿ ಹಾಕುವ ಐಪಿಟೇಬಲ್ಸ್-ರಿಸ್ಟೋರ್ ಆ ಟೇಬಲ್ಲಿನ ಒಂದು ಸಾಲನ್ನೂ ಹತ್ತಿಸುವುದಿಲ್ಲ. ಇಮೇಜ್ ದಪ್ಪ ಆಗಿದ್ದು ಒಂದು ಎಂಬಿಗೂ ಕಡಿಮೆ ಅಂತ ನೆನಪು. ಕಂಪೈಲ್ ಲ್ಯಾಪ್‌ಟಾಪಿನಲ್ಲೇ ಮಾಡಿ, ಆ ಡಬ್ಬಿಯಲ್ಲಿ ಕೂತರೆ ರಾತ್ರಿಯೆಲ್ಲ ಕಾಯಬೇಕು.

ಈಗ ಫೈರ್‌ವಾಲ್ ಪೂರ್ತಿ ಒಂದೇ ಫೈಲಿನಲ್ಲಿದೆ. ಬೇರೆ ಹೆಸರಲ್ಲಿ ಕಾಪಿ ಮಾಡು, ಸಿಂಕ್ ಮಾಡು (ಡಿಸ್ಕಿಗೆ ಪೂರ್ತಿ ಬರೆಸು), ಆಮೇಲೆ ಹೆಸರು ಬದಲಿಸು. ಯಾವ ಗಳಿಗೆಯಲ್ಲಿ ಕರೆಂಟ್ ಹೋದರೂ ಹಳೇ ಕರ್ನಲ್ ಅಥವಾ ಹೊಸದು, ಎರಡರಲ್ಲಿ ಒಂದು ಪೂರ್ತಿ ಇರುತ್ತದೆ. ಹೊಸದು ಏಳದಿದ್ದರೆ ಡಬ್ಬಿ ತಾನಾಗಿ ಹಳೇದಕ್ಕೆ ಮರಳುವ ಏರ್ಪಾಡೂ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ.

ಒಂದು ಲಾಭ ನಾನು ಎಣಿಸಿರಲಿಲ್ಲ. ಬೂಟ್ ಸಾಲಿನಲ್ಲಿ ‘ಐಪಿಟೇಬಲ್_ಫಿಲ್ಟರ್.ಫಾರ್ವರ್ಡ್=0’ ಅಂತ ಕೊಟ್ಟರೆ ಫಾರ್ವರ್ಡ್ ಚೈನ್ (ಡಬ್ಬಿ ದಾಟಿ ಹೋಗುವ ಟ್ರಾಫಿಕ್‌ನ ರೂಲ್ ಪಟ್ಟಿ) ಹುಟ್ಟುವಾಗಲೇ ಡ್ರಾಪ್. ರೂಲ್ ಫೈಲ್ ಕೆಟ್ಟರೂ ಒಳಗಿನ ನೆಟ್‌ವರ್ಕಿಗೆ ದಾರಿ ಇಲ್ಲ. ಕಾನ್‌ಟ್ರ್ಯಾಕ್ ಮ್ಯಾಕ್ಸ್‌ನದ್ದೂ (ಎಷ್ಟು ಸಂಪರ್ಕ ಅನ್ನುವ ಮಿತಿ) ಹಾಗೇ: ಮೊದಲು ಮಾಡ್ಯೂಲ್ ಹತ್ತುವ ಮುಂಚೆಯೇ ಕರ್ನಲ್ ಸೆಟ್ಟಿಂಗ್ ಹಾಕುವ ಸಿಸ್‌ಸಿಟಿಎಲ್ ಓಡಿ ‘ಅಂಥ ಫೈಲ್ ಇಲ್ಲ’ ಅನ್ನುತ್ತಿತ್ತು, ಈಗ ಆ ರಗಳೆ ಇಲ್ಲ. ಹೇಗೂ ಆ ಜಾಗಕ್ಕೆ ಹೋದವರು ಎಸ್ಟಾಬ್ಲಿಷ್ಡ್ ಟೈಮ್‌ಔಟನ್ನೂ ನೋಡಿ. ಸುಮ್ಮನಿರುವ ಸಂಪರ್ಕವನ್ನು ನೆನಪಿಟ್ಟುಕೊಳ್ಳುವ ಹೊತ್ತು ಅದು, ಡೀಫಾಲ್ಟ್ 4,32,000 ಸೆಕೆಂಡ್, ಅಂದರೆ ಐದು ದಿನ! ಶನಿವಾರ ಬಂದು ಭಾನುವಾರ ಹೋಗುವ ಟೂರಿಸ್ಟ್ ಫೋನಿಗೆ ಅಷ್ಟು ಯಾಕೆ? ನಾನು ಎರಡು ಗಂಟೆಗೆ ಇಳಿಸಿದ್ದೇನೆ.

ಹುರುಪಿನಲ್ಲಿ ಮಾಡ್ಯೂಲ್ ಸೌಲಭ್ಯವನ್ನೇ ಪೂರ್ತಿ ತೆಗೆದು ಒಂದು ಕಾಫಿ ತೋಟದ ಆಫೀಸಿಗೆ ಹಾಕಿ ನೋಡಿದೆ. ತಿಂಗಳಾಗುವಷ್ಟರಲ್ಲಿ ರೈಟರ್ (ತೋಟದ ಗುಮಾಸ್ತ) ಬೇರೆ ಕಂಪನಿಯ ಡಾಂಗಲ್ ತಂದು ‘ಅಣ್ಣಾ, ಇದು ಹತ್ತುದಿಲ್ಲ’ ಅಂದ. ಅಲ್ಲಿಗೆ ಆ ಪ್ರಯೋಗ ಮುಗಿಯಿತು. ಈಗ ಫೈರ್‌ವಾಲ್ ಒಳಗೆ, ಯುಎಸ್‌ಬಿ ಚಿಲ್ಲರೆ ಸಾಮಾನೆಲ್ಲ ಮಾಡ್ಯೂಲ್.

ನೆಟ್‌ಫಿಲ್ಟರ್‌ನಲ್ಲೇ ಭದ್ರತೆಯ ತೂತು ಸಿಕ್ಕಿದರೆ ಮಾಡ್ಯೂಲ್ ಆದರೆ ಕಳಚಬಹುದು, ನಿನ್ನದು ರೀಬೂಟ್ ಆಗಬೇಕಲ್ಲ ಅಂತ ಗೆಳೆಯನ ವಾದ. ನ್ಯಾಟ್ ಓಡುತ್ತಿರುವ ಡಬ್ಬಿಯಲ್ಲಿ ಕಾನ್‌ಟ್ರ್ಯಾಕ್ ಕಳಚಿದರೆ ನೆಟ್ ಎಲ್ಲಿರುತ್ತದೆ ಅಂತ ಕೇಳಿದೆ, ಉತ್ತರ ಬಂದಿಲ್ಲ. ಹೊಸ ಕರ್ನಲ್ ಕಟ್ಟಿ ಎಲ್ಲ ಕಡೆ ತಳ್ಳಲು ಒಂದು ಸಂಜೆ ಹಿಡಿಯುತ್ತದೆ, ಅದಕ್ಕೆ ಡಬ್ಬಿಗೆ ಮುನ್ನೂರು ತಗೊಳ್ತೇನೆ. ಎನ್‌ಎಫ್‌ಟೇಬಲ್ಸ್ (ಐಪಿಟೇಬಲ್ಸ್ ಬದಲಿಗೆ ಬಂದದ್ದು) 2014ರಿಂದ ಕರ್ನಲ್ಲಿನಲ್ಲೇ ಇದೆ, ನಾನೇ ತಡ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ಎರಡು ಡಬ್ಬಿಗೆ ಅದನ್ನೂ ‘ವೈ’ ಮಾಡಿ ಹಾಕುವವನಿದ್ದೇನೆ.