ಹಳೆ ಕಾರಿಗೆ ಮನೆಯಲ್ಲೇ ಬಣ್ಣ: ನುಣುಪು ಹುಟ್ಟುವುದು ಉಜ್ಜುವ ಕೈಯಲ್ಲಿ

ಬಣ್ಣ ಹೊಡೆದ ಕಾರಿನ ಬಾಗಿಲನ್ನು ಎದುರು ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ದೃಷ್ಟಿ ಹಾಯಿಸಿ. ಟ್ಯೂಬ್‌ಲೈಟಿನ ಪ್ರತಿಬಿಂಬ ನೇರ ಗೆರೆಯಾಗಿ ನಿಂತರೆ ಕೆಲಸ ಚೆನ್ನಾಗಿ ಆಗಿದೆ. ಆ ಗೆರೆ ಹಾವಿನಂತೆ ಬಳುಕಿದರೆ ತಪ್ಪು ಬಣ್ಣದ್ದಲ್ಲ, ಅದರ ಕೆಳಗಿನ ಮೈಯದ್ದು. ಬೇಸ್ ಕೋಟ್ (ಬಣ್ಣದ ಪದರ), ಕ್ಲಿಯರ್ ಕೋಟ್ (ಅದರ ಮೇಲಿನ ಪಾರದರ್ಶಕ ಹೊಳಪಿನ ಪದರ) ಎರಡೂ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟು ತೆಳುವಾದದ್ದು ಯಾವ ತಗ್ಗನ್ನೂ ತುಂಬಲಾರದು. ಹೊಳಪು ಬಂದ ಮೇಲಂತೂ, ಮುಚ್ಚಿಹೋಯಿತು ಅಂದುಕೊಂಡ ಗೀರೂ ಎದ್ದು ಕಾಣುತ್ತದೆ. ಆದ್ದರಿಂದ ಈ ಲೇಖನದಲ್ಲಿ ಸ್ಪ್ರೇ ಗನ್ನಿಗಿಂತ ಉಪ್ಪುಕಾಗದದ ಮಾತೇ ಹೆಚ್ಚು.

ಮೊದಲು ಮೈ ತೊಳೆಯಿರಿ

ಉಜ್ಜುವ ಮುನ್ನವೇ ಕಾರನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಬೇಕು. ಈ ಕ್ರಮ ತಿರುವುಮುರುವಾದರೆ ವರ್ಷಗಳಿಂದ ಹಚ್ಚಿದ ಮೇಣ, ಸಿಲಿಕಾನ್ ಪಾಲಿಷ್ ಎಲ್ಲ ಉಜ್ಜಿದ ಗೀರುಗಳೊಳಗೆ ಹೋಗಿ ಕೂರುತ್ತವೆ, ಕೊನೆಯ ಕೋಟಿನಲ್ಲಿ ಸೇಡು ತೀರಿಸಿಕೊಳ್ಳುತ್ತವೆ. ಒರೆಸಲು ಎರಡು ಬಟ್ಟೆ ಬೇಕು: ಒಂದು ಒದ್ದೆ, ಇನ್ನೊಂದು ಒಣಗಿದ್ದು. ದ್ರಾವಣ ತಾನಾಗಿ ಆರಿಹೋಗಲು ಬಿಟ್ಟರೆ ಜಿಡ್ಡು ಅಲ್ಲೇ ಉಳಿಯುತ್ತದೆ.

ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೂ ಕೆರೆಯಿರಿ. ತುಕ್ಕಿನ ಮೇಲೆ ತಗ್ಗು ತುಂಬುವ ಪುಟ್ಟಿ ಮೆತ್ತಿದರೆ ಅದು ಒಳಗಿಂದೊಳಗೆ ಬೆಳೆದು ಗುಳ್ಳೆಯಾಗಿ ಏಳುತ್ತದೆ. ಬರಿಯ ಲೋಹವನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ, ಅದೇ ದಿನ ಎಪಾಕ್ಸಿ ಪ್ರೈಮರ್ (ಲೋಹಕ್ಕೆ ಅಂಟಿ ತುಕ್ಕು ತಡೆಯುವ ಅಡಿ ಪದರ) ಬೀಳಲಿ.

ಪುಟ್ಟಿಯ ಮೇಲೆ ಅಂಗೈ

ಡೆಂಟನ್ನು ಆದಷ್ಟೂ ಬಡಿದು ಸರಿಪಡಿಸಿ, ಉಳಿದ ತಗ್ಗಿಗೆ ಮಾತ್ರ ಪುಟ್ಟಿ ಹಾಕಿ. ಮೂರು ಮಿಲಿಮೀಟರಿಗಿಂತ ದಪ್ಪ ಬೇಕಾಗುತ್ತದೆ ಎಂದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ ಎಂದೇ ಅರ್ಥ. ಹಾರ್ಡ್‌ನರ್ (ಪುಟ್ಟಿಗೆ ಬೆರೆಸುವ ಗಟ್ಟಿಕಾರಕ) ತೂಕದಲ್ಲಿ ಸುಮಾರು 2 ಶೇಕಡಾ ಸಾಕು. ಮೊಟ್ಟೆ ಕಲಕುವಂತೆ ಗರಗರ ತಿರುಗಿಸಿದರೆ ಗಾಳಿ ಸೇರಿ, ಉಜ್ಜುವಾಗ ಸೂಜಿತೂತುಗಳು ಬಾಯಿಬಿಡುತ್ತವೆ. ತಟ್ಟೆಗೆ ಒತ್ತಿ ಒತ್ತಿ, ಮಡಚಿ ಮಡಚಿ ಕಲಸಿ.

ಗಟ್ಟಿಯಾದ ಮೇಲೆ 80ರ ಉಪ್ಪುಕಾಗದ, ನಂತರ 120, 180 (ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು). ಕಾಗದವನ್ನು ಉದ್ದನೆಯ ಗಟ್ಟಿ ಬ್ಲಾಕಿಗೆ ಸುತ್ತಿಯೇ ಉಜ್ಜಬೇಕು. ಬರಿಗೈಯಲ್ಲಿ ಉಜ್ಜಿದರೆ ಬೆರಳು ಒತ್ತಿದ ಕಡೆಯೆಲ್ಲ ಕಾಲುವೆ ಬೀಳುತ್ತದೆ. ಒಮ್ಮೆ ಎಡದಿಂದ ಓರೆಯಾಗಿ, ಇನ್ನೊಮ್ಮೆ ಬಲದಿಂದ ಓರೆಯಾಗಿ, ಗುಣಿಸುವ ಗುರುತಿನಂತೆ ಉಜ್ಜಿ. ಪುಟ್ಟಿ ನೀರು ಹೀರುತ್ತದೆ, ಹಾಗಾಗಿ ಈ ಹಂತದಲ್ಲಿ ನೀರು ತಾಗಿಸಬೇಡಿ.

ಸಮವಾಯಿತೇ ಎಂದು ಕಣ್ಣನ್ನು ಕೇಳಬೇಡಿ, ಅಂಗೈಯನ್ನು ಕೇಳಿ. ತೆಳ್ಳನೆಯ ಹತ್ತಿಬಟ್ಟೆಯನ್ನು ಅಂಗೈ ಕೆಳಗಿಟ್ಟು, ಬೆರಳುಗಳನ್ನು ಚಾಚಿ, ಹಳೆ ಬಣ್ಣದಿಂದ ಪುಟ್ಟಿಗೆ, ಪುಟ್ಟಿಯಿಂದ ಮತ್ತೆ ಹಳೆ ಬಣ್ಣಕ್ಕೆ ನಿಧಾನವಾಗಿ ಸರಿಸಿ. ಬಟ್ಟೆ ಇದ್ದರೆ ಚರ್ಮ ಅಂಟಿಕೊಂಡು ಎಳೆಯುವುದಿಲ್ಲ, ಏರಿಳಿತ ಮಾತ್ರ ತಿಳಿಯುತ್ತದೆ. ನನ್ನ ಮೊದಲ ಬಾಗಿಲಿನಲ್ಲಿ ಬೆಳಕಿಗೆ ಹಿಡಿದು ಎಷ್ಟು ನೋಡಿದರೂ ಕಾಣದ ಅಂಚು, ಕಣ್ಣು ಮುಚ್ಚಿ ಕೈಯಾಡಿಸಿದಾಗ ಗದ್ದೆಯ ಬದುವಿನಂತೆ ಸಿಕ್ಕಿತು. ಆಮೇಲೆ ಇನ್ನೂ ಒಂದು ದಿನ ಉಜ್ಜಿದೆ.

ಪ್ರೈಮರ್, ಅದರ ಮೇಲೆ ಕಪ್ಪು ಧೂಳು

ಈಗ ದಪ್ಪವಾಗಿ ಕೂರುವ 2ಕೆ ಪ್ರೈಮರ್ (2ಕೆ ಅಂದರೆ ಹಾರ್ಡ್‌ನರ್ ಬೆರೆಸಿ ಬಳಸುವ ಎರಡು ಭಾಗದ್ದು) ಎರಡು ಮೂರು ಕೋಟ್. ಪೂರ್ತಿ ಒಣಗಿದ ಮೇಲೆ ಗೈಡ್ ಕೋಟ್, ಅಂದರೆ ಕಪ್ಪು ಬಣ್ಣವನ್ನು ದೂರದಿಂದ ಇಬ್ಬನಿಯಂತೆ ತೆಳುವಾಗಿ ಚಿಮುಕಿಸುವುದು. ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದರಷ್ಟು ಉಪಕಾರಿ ಹಂತ ಇನ್ನೊಂದಿಲ್ಲ. ಬ್ಲಾಕ್ ಹಿಡಿದು 320ರಲ್ಲಿ ಉಜ್ಜಿದಾಗ ಕಪ್ಪು ಉಳಿದ ಜಾಗ ತಗ್ಗು. ಸುತ್ತ ಕಪ್ಪು ಹೋಗುವ ಮುನ್ನವೇ ಲೋಹ ಇಣುಕಿದರೆ ಅದು ಉಬ್ಬು. ತಗ್ಗು ಕಂಡಲ್ಲಿ ಬೆರಳಿಟ್ಟು ಅಷ್ಟನ್ನೇ ಉಜ್ಜುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಕಪ್ಪು ಹೋಗುತ್ತದೆ, ತಗ್ಗು ಇನ್ನೂ ಆಳವಾಗುತ್ತದೆ. ಮತ್ತೆ ಪ್ರೈಮರ್ ಹೊಡೆದು ಮತ್ತೆ ಉಜ್ಜುವುದೊಂದೇ ದಾರಿ.

ಕೊನೆಗೆ ನೀರು ಹಾಕಿ 600ರ ವಾಟರ್ ಪೇಪರ್. ಮೆಟಾಲಿಕ್ ಬಣ್ಣವಾದರೆ 800ರವರೆಗೆ ಹೋಗಿ, ಅದರಡಿ ಒರಟು ಗೀರು ಅಡಗುವುದಿಲ್ಲ.

ಉಸಿರಿನ ವಿಷಯ

2ಕೆ ಪ್ರೈಮರ್, ಕ್ಲಿಯರ್ ಕೋಟುಗಳ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಆಸ್ತಮಾ ತರಬಲ್ಲದು. ಒಮ್ಮೆ ಮೈಗೆ ಹಿಡಿಯಿತೆಂದರೆ ಆಮೇಲೆ ಅತಿ ಕಡಿಮೆ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಅಪಾಯದ ಮಟ್ಟ ತಲುಪಿದರೂ ವಾಸನೆಯಿಂದ ಗೊತ್ತಾಗದ ಕಾರಣ, ಮಾಸ್ಕಿನ ಗಾಳಿ ಸೋಸುವ ಕಾರ್ಟ್ರಿಜ್ ಸೋತದ್ದು ನಿಮಗೆ ತಿಳಿಯುವುದೇ ಇಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡವೇ ಬೇಕು, ಜೊತೆಗೆ ಕೈಗವಸು, ಮೈ ಮುಚ್ಚುವ ಬಟ್ಟೆ. ಅದಿಲ್ಲದಿದ್ದರೆ ದಯವಿಟ್ಟು 2ಕೆ ಸ್ಪ್ರೇಯನ್ನು ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವ ಪೇಂಟರ್ ಕೈಗೆ ಕೊಡಿ. ಉಜ್ಜುವ ಕೆಲಸ ನಿಮ್ಮದೇ ಆಗಿರಲಿ, ಅದರಿಂದ ಕಾರು ನಿಮ್ಮ ಕೈಕೆಲಸ ಅನ್ನುವುದಕ್ಕೆ ಎಳ್ಳಷ್ಟೂ ಕುಂದಿಲ್ಲ. ಥಿನ್ನರ್ ಆವಿ ಇರುವಲ್ಲಿ ಬೆಂಕಿ, ಕಿಡಿ ಹಾರುವ ಮೋಟಾರು ಸುಳಿಯಬಾರದು.

ಗನ್ ಹಿಡಿದಾಗ

ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರಲಿ. ಕಂಪ್ರೆಸರಿನ ತೊಟ್ಟಿಯ ನೀರು ಬಸಿದು, ಗಾಳಿಯ ಕೊಳವೆಗೆ ನೀರು ಸೋಸುವ ಫಿಲ್ಟರ್ ಹಾಕಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಒಳ್ಳೆಯ ಹವೆ. ಬಿಸಿಲು ಜೋರಿದ್ದರೆ ನಿಧಾನವಾಗಿ ಆರುವ ಥಿನ್ನರ್ ಬಳಸಿ.

ಬೇಸ್, ಕ್ಲಿಯರ್ ಎರಡಕ್ಕೂ 1.3 ಅಥವಾ 1.4 ಮಿಲಿಮೀಟರ್ ನಾಜಲ್. ಗನ್ ಮೈಗೆ ನೇರವಾಗಿ, 15ರಿಂದ 20 ಸೆಂಟಿಮೀಟರ್ ದೂರದಲ್ಲಿರಲಿ. ಮಣಿಕಟ್ಟು ತಿರುಗಿಸದೆ ಇಡೀ ತೋಳು ಚಲಿಸಬೇಕು. ಪ್ರತಿ ಪಟ್ಟಿ ಹಿಂದಿನದರ ಅರ್ಧವನ್ನು ಮುಚ್ಚಲಿ. ಅಂಚಿಗೆ ಮುನ್ನ ಟ್ರಿಗರ್ ಒತ್ತಿ, ಅಂಚು ದಾಟಿದ ಮೇಲೆ ಬಿಡಿ. ಎರಡು ಕೋಟಿನ ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 10-15 ನಿಮಿಷ, ಕಾಯಿರಿ. ಸಂಶಯವಿದ್ದರೆ ಮಾಸ್ಕಿಂಗ್ ಟೇಪಿನ ಮೇಲೆ ಬಿದ್ದ ಬಣ್ಣವನ್ನು ಬೆರಳಲ್ಲಿ ಮುಟ್ಟಿ: ನೂಲಿನಂತೆ ಎಳೆ ಎದ್ದರೆ ಇನ್ನೂ ಕಾಯಬೇಕು.

ಮೈ ಕಿತ್ತಳೆ ಸಿಪ್ಪೆಯಂತಾದರೆ ಬಣ್ಣ ದಪ್ಪವಾಗಿದೆ, ಒತ್ತಡ ಸಾಲದು, ಇಲ್ಲವೇ ಗನ್ ದೂರವಿದೆ. ಬಣ್ಣ ಕೆಳಗೆ ಇಳಿದರೆ ಕೈ ನಿಧಾನವಾಗಿದೆ ಅಥವಾ ಗನ್ ತೀರಾ ಹತ್ತಿರ ಬಂದಿದೆ. ಬಣ್ಣ ದುಂಡಗೆ ಹಿಂದೆ ಸರಿದು ಕುಳಿ ಬಿದ್ದರೆ ಅದು ಆರಂಭದಲ್ಲಿ ಹೇಳಿದ ಜಿಡ್ಡು. ಹೊಡೆಯುವುದನ್ನು ನಿಲ್ಲಿಸಿ, ಒಣಗಲು ಬಿಡಿ.

ಹಸಿ ಕ್ಲಿಯರಿಗೆ ಸೊಳ್ಳೆ ಬಂದು ಕೂತರೆ ಮುಟ್ಟಬೇಡಿ. ನಾನು ಒಮ್ಮೆ ಉಗುರಲ್ಲಿ ತೆಗೆಯಲು ಹೋಗಿ, ಸಾಸಿವೆಯಷ್ಟಿದ್ದ ಕಲೆಯನ್ನು ರೂಪಾಯಿಯಗಲ ಮಾಡಿದ್ದೆ. ಒಣಗಿದ ಮೇಲೆ 1500ರಲ್ಲಿ ಎರಡು ಸಲ ಉಜ್ಜಿದರೆ ಹೋಗುತ್ತಿತ್ತು.

ಹೊಳಪು

ಕ್ಲಿಯರ್ ಪೂರ್ತಿ ಗಟ್ಟಿಯಾದ ಮೇಲೆ ಸೋಪು ನೀರಿನೊಂದಿಗೆ 1500, 2000, 3000. ಬಾಗಿಲು, ಬಾನೆಟ್ಟಿನ ಅಂಚುಗಳಿಗೆ ಟೇಪ್ ಹಚ್ಚಿಕೊಳ್ಳಿ, ಅಲ್ಲಿ ಕ್ಲಿಯರ್ ತೆಳು, ಬೇಗ ಸವೆದುಹೋಗುತ್ತದೆ. ಇಡೀ ಮೈ ಒಂದೇ ಸಮನೆ ಮಂಕಾದಾಗ ಉಜ್ಜುವುದು ನಿಲ್ಲಿಸಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಷ್ ಮಾಡಿ. ಬಣ್ಣದೊಳಗಿನ ದ್ರಾವಕ ಹೊರಹೋಗಲು ಒಂದು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಮೇಣ ಬೇಡ. ಆ ತಿಂಗಳಲ್ಲಿ ಬಣ್ಣ ಕೊಂಚ ಕುಗ್ಗಿ, ಪ್ರೈಮರ್ ಉಜ್ಜಿದ ಗೀರುಗಳು ಮೆಲ್ಲನೆ ಮೇಲೆ ಬರಬಹುದು. ಬಂದರೆ ಗಾಬರಿಯಾಗಬೇಡಿ, 3000ರ ಕಾಗದ ಒಂದೆರಡು ಉಳಿಸಿಕೊಂಡಿರಿ.