ಮಗಳ ವಿದ್ಯಾರ್ಥಿವೇತನದ ಪಾಸ್‌ಬುಕ್ ಯಾರ ಕೈಯಲ್ಲಿರಬೇಕು?

ಕಳೆದ ಚಳಿಗಾಲದಲ್ಲಿ ಸಿಂದಗಿಯ ಬ್ಯಾಂಕೊಂದರ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಒಂಬತ್ತನೆಯ ತರಗತಿಯ ಮೊಮ್ಮಗಳು. ವಿದ್ಯಾರ್ಥಿವೇತನ ಜಮೆಯಾಗಿದೆ, ತೆಗೆಯಲು ಬರುತ್ತಿಲ್ಲ. ಖಾತೆಗೆ ಗಾರ್ಡಿಯನ್ ಅಪ್ಪ. ಅಪ್ಪ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ‘ಸಾಕಿದವಳು ನಾನು, ನನ್ನ ಹೆಬ್ಬೆಟ್ಟು ನಡೆಯುವುದಿಲ್ಲವೇ ಯಪ್ಪಾ?’ ಎಂದು ಅಜ್ಜಿ ಕೇಳಿದರು. ನಡೆಯುವುದಿಲ್ಲ. ತಂದೆ ತಾಯಿ ಇರುವಾಗ ಅಜ್ಜಿ ಗಾರ್ಡಿಯನ್ ಆಗಬೇಕಾದರೆ ನ್ಯಾಯಾಲಯದ ಆದೇಶ ಬೇಕು. ಆದರೆ ಆ ಹುಡುಗಿಯ ಸಹಿಯೇ ನಡೆಯಬಹುದಿತ್ತು ಎಂಬುದು ಮನೆಯವರಿಗೆ ಗೊತ್ತಿರಲಿಲ್ಲ. ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಹೋಗುವ ನಮ್ಮ ವಿಜಯಪುರ ಕಡೆಯ ಕುಟುಂಬಗಳಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಮೊದಲು ವಯಸ್ಸು ನೋಡಿ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ನಿಯಮದಂತೆ 10 ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ತಾವೇ ನಡೆಸಬಹುದು. ಎಷ್ಟು ಹಣದವರೆಗೆ, ಎಟಿಎಂ ಕಾರ್ಡ್ ಕೊಡಬೇಕೇ ಬೇಡವೇ ಎಂಬುದನ್ನು ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ಆದ್ದರಿಂದ ನಿಮ್ಮ ಶಾಖೆಯಲ್ಲೇ ಕೇಳಿ. ಹತ್ತಕ್ಕಿಂತ ಚಿಕ್ಕವರಾದರೆ ಗಾರ್ಡಿಯನ್ ಬೇಕೇ ಬೇಕು. ಅಪ್ಪನೇ ಆಗಬೇಕೆಂದಿಲ್ಲ, ತಾಯಿಯೂ ಆಗಬಹುದು. ಊರಲ್ಲಿ ಉಳಿಯುವವರು ತಾಯಿಯಾದರೆ ಅವರ ಹೆಸರನ್ನೇ ಬರೆಸುವುದು ಜಾಣತನ.

ಹತ್ತು ತುಂಬಿತೆಂದು ಎಲ್ಲ ಮಕ್ಕಳಿಗೂ ಒಪ್ಪಿಸಿಬಿಡಬೇಕೇ? ಇಲ್ಲಿ ಕಾನೂನು ಸುಮ್ಮನಾಗುತ್ತದೆ, ಮನೆಯವರು ತೂಗಿ ನೋಡಬೇಕು. ನಾನು ನೋಡುವುದು ಮೂರನ್ನು. ಒಂದು, ಸಹಿ. ಆ ದಿನ ಹಣ ತೆಗೆಯುವ ಚೀಟಿಯ ಬೆನ್ನಿಗೆ ಹುಡುಗಿಯಿಂದ ಮೂರು ಸಲ ಸಹಿ ಮಾಡಿಸಿದೆ. ಎರಡು ಒಂದೇ ತರಹ ಬಂದವು, ಮೂರನೆಯದರಲ್ಲಿ ಒತ್ತಕ್ಷರವೇ ಹಾರಿಹೋಗಿತ್ತು. ಮನೆಯಲ್ಲಿ ವಾರ ಕಾಲ ಅಭ್ಯಾಸ ಮಾಡಿದರೆ ಸರಿಹೋಗುವ ದೋಷವದು. ಎರಡು, ಲೆಕ್ಕ. ಐನೂರು ರೂಪಾಯಿ ಕೊಟ್ಟು ನೋಟ್‌ಬುಕ್, ಬಸ್ ಪಾಸ್, ಚಪ್ಪಲಿಯ ಖರ್ಚನ್ನು ತಿಂಗಳು ಪೂರ್ತಿ ಬರೆದಿಡಲು ಹೇಳಿ. ಹತ್ತಿಪ್ಪತ್ತು ರೂಪಾಯಿ ತಾಳೆಯಾಗದಿದ್ದರೆ ಚಿಂತೆಯಿಲ್ಲ. ಬರೆಯುವುದನ್ನೇ ಬಿಟ್ಟಿದ್ದರೆ ಇನ್ನೊಂದು ವರ್ಷ ಕಾಯಿರಿ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಕೇಳಿದವರಿಗೆ ಇಲ್ಲ ಎನ್ನಲು ಮಗುವಿಗೆ ಬರುತ್ತದೆಯೇ? ಮಾವ ಬಂದು ‘ನಿನ್ನ ಖಾತೆಯಿಂದ ಎರಡು ಸಾವಿರ ಕೊಡು, ಸಂತೆ ದಿನ ತಿರುಗಿಸುತ್ತೇನೆ’ ಎಂದರೆ? ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿ ಒಟಿಪಿ ಕೇಳಿದರೆ? ಹೇಳಿಕೊಡುವ ಬದಲು ನೀವೇ ಇನ್ನೊಂದು ಫೋನಿನಿಂದ ದನಿ ಬದಲಿಸಿ ಕೇಳಿ ನೋಡಿ. ಅಂದ ಹಾಗೆ, ಒಟಿಪಿ ಬರುವ ಮೊಬೈಲ್ ಅಣ್ಣನ ಜೇಬಿನಲ್ಲಿದ್ದರೆ ಪಾಸ್‌ಬುಕ್ ತಂಗಿಯ ಕೈಯಲ್ಲಿದ್ದೂ ಏನು ಬಂತು? ಖಾತೆಗೆ ಯಾವ ನಂಬರ್ ಕೊಡುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ.

ಇಷ್ಟಾದ ಮೇಲೆ ಕಾಗದದ ಕೆಲಸ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ ವಿದ್ಯಾರ್ಥಿಯ ಆಧಾರ್‌ಗೆ ಜೋಡಣೆಯಾದ ಖಾತೆಗೆ ಬರುತ್ತದೆ. ಎರಡು ಖಾತೆ ಇದ್ದರೆ, ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿ ಇಡುವ ಎನ್‌ಪಿಸಿಐ ಸಂಸ್ಥೆಯಲ್ಲಿ ಕೊನೆಯದಾಗಿ ಜೋಡಿಸಿದ್ದಕ್ಕೇ ಹಣ ಹೋಗುತ್ತದೆ. ಹೊಸ ಖಾತೆ ತೆರೆದು ಹಳೆಯದರ ಜೋಡಣೆಯನ್ನು ಹಾಗೆಯೇ ಬಿಟ್ಟು, ಹಣ ಬಂದಿಲ್ಲವೆಂದು ಹೆಡ್‌ಮಾಸ್ತರರ ಹಿಂದೆ ಅಲೆಯುವವರನ್ನು ಕಂಡಿದ್ದೇನೆ. ಆಧಾರ್, ಶಾಲಾ ದಾಖಲೆ, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇರಲಿ. ಹದಿನೈದು ತುಂಬಿದಾಗ ಆಧಾರ್‌ಗೆ ಮತ್ತೊಮ್ಮೆ ಬೆರಳಚ್ಚು ಕೊಡುವುದು ಕಡ್ಡಾಯ.

ಹದಿನೆಂಟಕ್ಕೆ ಖಾತೆಯ ಸ್ವರೂಪ ಬದಲಾಗುತ್ತದೆ. ಶಾಖೆಗೆ ಹೋಗಿ ಹೊಸದಾಗಿ ಮಾದರಿ ಸಹಿ ಕೊಡಬೇಕು. ಬುದ್ಧಿಮಾಂದ್ಯ ಮಕ್ಕಳಿಗೆ ಮಾಸಾಶನ ಬರುವ ಮನೆಯವರು ಇದನ್ನು ಮರೆಯಬಾರದು: ಹದಿನೆಂಟು ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ನೇಮಕ ಪಡೆಯಬೇಕು. ಹುಟ್ಟುಹಬ್ಬಕ್ಕೆ ಕೆಲವು ತಿಂಗಳಿರುವಾಗಲೇ ದಾಖಲೆಗಳನ್ನು ಹೊಂದಿಸಿಕೊಳ್ಳಿ.