ನೆಲ ತಟ್ಟಿ ಡಿಫೆನ್ಸ್ ಆಡಿಸಿದ್ದು: ನನ್ನ ಅನುಭವ

ಹೋದ ಸೀಸನ್‌ನ ಕೊನೆಯ ವಾರಗಳಲ್ಲಿ ನಮ್ಮ ಬಾಸ್ಕೆಟ್‌ಬಾಲ್ ಹುಡುಗರು ಡಿಫೆನ್ಸ್‌ಗೆ ನಿಂತು, ಅಂಗೈಯಿಂದ ನೆಲ ತಟ್ಟಿ ಆಡಿದಾಗಲೆಲ್ಲ ಹತ್ತಕ್ಕೆ ಆರೇಳು ಸಲ ಎದುರಿನವರಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಮಾಮೂಲಿ ಡಿಫೆನ್ಸ್‌ನಲ್ಲಿ ನಮ್ಮ ಲೆಕ್ಕ ಹತ್ತಕ್ಕೆ ಐದರ ಆಸುಪಾಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ "ಅದು ಟಿವಿಗೋಸ್ಕರ ಮಾಡೋ ಶೋ, ಬಿಟ್ಟುಬಿಡು" ಅಂದವರು ಒಬ್ಬಿಬ್ಬರಲ್ಲ. ಮೈಸೂರಿನಲ್ಲಿ ನನ್ನ ಜೊತೆ ಯೂನಿವರ್ಸಿಟಿಗೆ ಆಡಿದ ಗೆಳೆಯ ಫೋನಲ್ಲಿ ಕೇಳಿದ್ದ, "ನೆಲ ಬಡಿದ್ರೆ ಬಾಲ್ ಸಿಗುತ್ತಾ ಗುರು?" ಅಂತ. ಸಿಗುತ್ತದೆ. ಆದರೆ ಬಡಿದ ಮೇಲೆ ಏನು ಮಾಡಬೇಕು ಅನ್ನೋದನ್ನು ಐದು ಜನಕ್ಕೂ ಕಲಿಸಿರಬೇಕು.

ನಾನಿರೋದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಡರ್ಹಮ್‌ನಿಂದ ಅರ್ಧ ಗಂಟೆ ದಾರಿ. ಹಗಲು ಸಾಫ್ಟ್‌ವೇರ್ ಕೆಲಸ, ಸಂಜೆ ಒಂದು ಕಾಲೇಜಿನ ಕ್ಲಬ್ ಟೀಮ್‌ಗೆ ಕೋಚ್. ಸ್ಕಾಲರ್‌ಶಿಪ್ ಹುಡುಗರಲ್ಲ ಇವರು. ಕೈಯಿಂದ ದುಡ್ಡು ಹಾಕಿ, ಲ್ಯಾಬ್ ಮುಗಿಸಿ ಬಂದು ಆಡೋರು.

ಈ ಊರಿನ ಕಡೆ ನೆಲ ತಟ್ಟೋದು ಅಂದರೆ ಡರ್ಹಮ್‌ನ ಡ್ಯೂಕ್ ಯೂನಿವರ್ಸಿಟಿ ಟೀಮ್. ಕೋಚ್ ಕೆ, ಅಂದರೆ ಮೈಕ್ ಶಶೆಫ್‌ಸ್ಕಿ, 1980ರಲ್ಲಿ ಡ್ಯೂಕ್‌ಗೆ ಬಂದು 2022ರವರೆಗೆ ಇದ್ದರು. ಮ್ಯಾನ್ ಟು ಮ್ಯಾನ್, ಅಂದರೆ ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬ ಕಾಯೋ ಡಿಫೆನ್ಸ್, ಅವರ ಉಸಿರು. ಅವರ ಹುಡುಗರಾದ ಟಾಮಿ ಅಮೇಕರ್ 1987ರಲ್ಲಿ, ಬಿಲ್ಲಿ ಕಿಂಗ್ 1988ರಲ್ಲಿ ದೇಶದ ಅತ್ಯುತ್ತಮ ಡಿಫೆಂಡರ್ ಅನ್ನಿಸಿಕೊಂಡರು. ನೆಲ ತಟ್ಟೋದಕ್ಕೆ ಮುಖ ಕೊಟ್ಟಿದ್ದು ಮಾತ್ರ ಸ್ಟೀವ್ ವೊಜಹೌಸ್ಕಿ, ಎಲ್ಲರ ಬಾಯಲ್ಲಿ ವೋಜೋ. ಆರಡಿಯೂ ಇಲ್ಲದ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸೋನು. ಎರಡೂ ಅಂಗೈ ಊರಿ ಧಡ್ ಅಂತ ತಟ್ಟಿ, ಬಾಲ್ ತರೋನ ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿದ್ದ. 1998ರಲ್ಲಿ ಆ ಡಿಫೆಂಡರ್ ಪ್ರಶಸ್ತಿ ಅವನಿಗೇ ಬಂತು. ಅದೇ ವರ್ಷ ಡ್ಯೂಕ್‌ನ ಸ್ವಂತ ಅಂಗಣ ಕ್ಯಾಮರೂನ್ ಇಂಡೋರ್‌ನಲ್ಲಿ ನಾರ್ತ್ ಕ್ಯಾರೊಲೈನಾ ಎದುರು 17 ಪಾಯಿಂಟ್ ಹಿಂದಿದ್ದು 77-75ರಲ್ಲಿ ಗೆದ್ದ ಮ್ಯಾಚ್ ಇದೆಯಲ್ಲ, ಈ ಕಡೆ ಈಗಲೂ ಅದನ್ನು ನಿನ್ನೆ ಆದ ಹಾಗೆ ಹೇಳುತ್ತಾರೆ.

ನನಗೆ ಹುಚ್ಚು ಹಿಡಿಸಿದ್ದು ಅದಕ್ಕಿಂತ ಈಚಿನದು. 2022ರ ಮಾರ್ಚ್, ಸ್ಯಾನ್ ಫ್ರಾನ್ಸಿಸ್ಕೋ, ಟೆಕ್ಸಸ್ ಟೆಕ್ ಎದುರು. ಕೋಚ್ ಕೆ ಅವರ ಕೊನೆಯ ಸೀಸನ್. ಆಟದ ಕೊನೆಯಲ್ಲಿ ಡ್ಯೂಕ್ ಹುಡುಗರು ಒಟ್ಟಿಗೆ ಬಗ್ಗಿ ನೆಲ ತಟ್ಟಿದರು. 78-73ಕ್ಕೆ ಗೆದ್ದರು. ಆ ತುಣುಕನ್ನು ನಾನು ನಿಧಾನಗತಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಎಲ್ಲರೂ ಕೈ ನೋಡುತ್ತಾರೆ. ನಾನು ನೋಡಿದ್ದು ಸೊಂಟ. ಕೈ ನೆಲ ಮುಟ್ಟಬೇಕಾದರೆ ಸೊಂಟ ಇಳಿಯಲೇಬೇಕು. "ಕೆಳಗಿರು, ಕೆಳಗಿರು" ಅಂತ ನಾವು ಗಂಟಲು ಹರಿದುಕೊಂಡರೂ ಆಗದ ಕೆಲಸ ಒಂದು ತಟ್ಟಿಗೆ ಆಗುತ್ತದೆ.

ಆ ಬೇಸಿಗೆ ಮುಗಿದದ್ದೇ ಶುರು ಮಾಡಿಸಿದೆ. ಮೊದಲ ಸೀಸನ್ ಪೂರ್ತಿ ಏಟು ತಿಂದೆವು.

ಏನಾಗುತ್ತಿತ್ತು ಅಂದರೆ, ಬಾಲ್ ಮೇಲಿರೋ ಡಿಫೆಂಡರ್, ಅಂದರೆ ಬಾಲ್ ಇಟ್ಟುಕೊಂಡವನನ್ನು ಕಾಯೋನು, ತಟ್ಟುತ್ತಿದ್ದ. ಆ ಸದ್ದು ಕೇಳಿ ಆ ಕಡೆ ಮೂಲೆಯಲ್ಲಿರೋನು ಅರ್ಧ ಕ್ಷಣ ತಡವಾಗಿ ತಾನೂ ಬಗ್ಗುತ್ತಿದ್ದ. ಅಷ್ಟರಲ್ಲಿ ಅವನು ಕಾಯಬೇಕಾದ ಆಸಾಮಿ ಬೆನ್ನ ಹಿಂದಿನಿಂದ ಬಾಸ್ಕೆಟ್ ಕಡೆ ಕಟ್ ಮಾಡಿ (ಇದೇ ಬ್ಯಾಕ್‌ಡೋರ್), ಬಾಲ್ ಹಿಡಿದು, ಹತ್ತಿರದಿಂದಲೇ ಲೇಅಪ್ ಹಾಕಿ ವಾಪಸ್ ಓಡುತ್ತಿದ್ದ. ಒಂದು ಟೀಮ್ ಅಂತೂ ಇದನ್ನು ಪ್ಲೇ ಮಾಡಿಕೊಂಡುಬಿಟ್ಟಿತು. ನಾವು ತಟ್ಟೋವರೆಗೆ ಕಾದು, ತಟ್ಟಿದ ತಕ್ಷಣ ಬ್ಯಾಕ್‌ಡೋರ್. ಆ ಮ್ಯಾಚ್ ಇಪ್ಪತ್ತಕ್ಕೂ ಜಾಸ್ತಿ ಪಾಯಿಂಟ್‌ನಲ್ಲಿ ಹೋಯಿತು. ನನ್ನ ಅಸಿಸ್ಟೆಂಟ್ ಲಾಕರ್ ರೂಮಿನಲ್ಲಿ ನೇರವಾಗಿ ಕೇಳಿದ, ಇದನ್ನು ನಿಲ್ಲಿಸೋಣ ಅಲ್ವಾ ಅಂತ. ಇಲ್ಲ ಅಂದೆ.

ಪರಿಹಾರ ಸಿಕ್ಕಿದ್ದು ಸ್ವಲ್ಪ ಸ್ವಲ್ಪವೇ. ಬಾಲ್ ಮೇಲಿರೋನು ಮಾತ್ರ ಎರಡೂ ಕೈ ಊರುತ್ತಾನೆ. ಒಂದು ಪಾಸ್ ದೂರದಲ್ಲಿರೋರು ಒಂದೇ ಕೈ ತಟ್ಟುತ್ತಾರೆ, ಇನ್ನೊಂದು ಕೈ ಪಾಸ್ ಬರೋ ದಾರಿಯಲ್ಲಿ ಚಾಚಿದ ಹಾಗೇ ಇರುತ್ತದೆ. ಹೆಲ್ಪ್ ಸೈಡಿನವರು, ಅಂದರೆ ಬಾಲ್ ಇಲ್ಲದ ಆ ಕಡೆಯವರು, ಒಂದು ಕಾಲನ್ನು ಪೇಂಟ್‌ನಲ್ಲಿ (ಬಾಸ್ಕೆಟ್ ಮುಂದಿನ ಬಣ್ಣದ ಚೌಕ) ಇಟ್ಟು ಬೆರಳ ತುದಿ ಮುಟ್ಟಿಸಿದರೆ ಸಾಕು. ಟಿವಿಯಲ್ಲಿ ಐದೂ ಜನ ಧಡಧಡ ಬಡಿದ ಹಾಗೆ ಚೆಂದ ಕಾಣಲ್ಲ. ನನಗೆ ಚೆಂದ ಬೇಕಿರಲಿಲ್ಲ. ಮುಖ್ಯವಾಗಿ, ಐವರಲ್ಲಿ ಒಬ್ಬ ಜಾಗದಲ್ಲಿಲ್ಲ ಅಂದರೂ ಯಾರೂ ತಟ್ಟಬಾರದು. ಈ ಒಂದು ನಿಯಮಕ್ಕೆ ಒಗ್ಗೋಕೆ ಹುಡುಗರಿಗೆ ತಿಂಗಳುಗಟ್ಟಲೆ ಹಿಡಿಯಿತು.

ಯಾವಾಗ ತಟ್ಟಬೇಕು ಅನ್ನೋದು ಇನ್ನೊಂದು ತಲೆನೋವು. ಎದುರಿನ ಗಾರ್ಡ್ ಹತ್ತಿರ ಬಂದ ಮೇಲೆ ತಟ್ಟಿದರೆ ನಿಮ್ಮ ಕೈ ನೆಲದಲ್ಲಿ, ಅವನು ನಿಮ್ಮ ಪಕ್ಕದಲ್ಲಿ. ಅವನು ಇನ್ನೂ ಆ ಕಡೆ ಅರ್ಧದಲ್ಲಿದ್ದಾಗ ತಟ್ಟಿದರೆ ಬಿಸಿಯೆಲ್ಲ ಆರಿಹೋಗುತ್ತದೆ. ನಾವು ಹಿಡಿದುಕೊಂಡದ್ದು ಹಾಫ್ ಕೋರ್ಟ್ ಗೆರೆ. ಅವನು ಗೆರೆ ದಾಟಿದ ಕೂಡಲೇ, ಮಧ್ಯೆ ಎರಡು ಎರಡೂವರೆ ತೋಳಿನಷ್ಟು ಜಾಗ ಇರುವಾಗ. ಗೆರೆ ದಾಟಿದ ಮೇಲೆ ಅವನು ಹಿಂದಕ್ಕೆ ಹೋಗೋ ಹಾಗಿಲ್ಲ, ಹೋದರೆ ಬಾಲ್ ನಮ್ಮದು. ಅಂದರೆ ಆ ಗೆರೆ ನಮ್ಮ ಆರನೇ ಡಿಫೆಂಡರ್. ಅದರ ಜೊತೆ ಸೈಡ್‌ಲೈನ್ ಕಡೆಗೆ ತಳ್ಳಿದರೆ ಅವನಿಗೆ ಉಳಿಯೋದು ಒಂದೇ ದಾರಿ, ಅಲ್ಲಿ ನಮ್ಮವನು ನಿಂತಿರುತ್ತಾನೆ.

ತಟ್ಟಿದ ಮೇಲೆ ಎದ್ದು ನಿಲ್ಲೋದೇ ದೊಡ್ಡ ರೋಗ. ಎಲ್ಲ ಹುಡುಗರೂ ಸ್ಪ್ರಿಂಗ್ ಹಾಗೆ ನೆಟ್ಟಗೆ ಮೇಲೇಳುತ್ತಿದ್ದರು. ಅದಕ್ಕೆ ನಾನು ಮಾಡಿದ್ದು ಇಷ್ಟೇ: ಇಬ್ಬರು ಒಂದು ಉದ್ದ ಕೋಲನ್ನು ಅಡ್ಡ ಹಿಡೀತಾರೆ, ಡಿಫೆಂಡರ್ ಎದೆ ಮಟ್ಟಕ್ಕೆ. ಅವನು ಅದರ ಕೆಳಗೆ ತೂರಿ ನೆಲ ತಟ್ಟಬೇಕು, ಆಮೇಲೆ ಬಗ್ಗಿದ ಹಾಗೇ ಪಕ್ಕಕ್ಕೆ ಜರುಗೋ ಸ್ಲೈಡ್, ಮೂರು ಬಲಕ್ಕೆ, ಮೂರು ಎಡಕ್ಕೆ. ಕೋಲು ಹಿಡಿದವರೂ ಜೊತೆಗೇ ಜರುಗುತ್ತಾರೆ. ತಲೆ ಕೋಲಿಗೆ ತಾಗಿದರೆ ಮತ್ತೆ ಮೊದಲಿನಿಂದ. ಕಣ್ಣು ಎದುರಿನವನ ಸೊಂಟದ ಮೇಲೆ, ನೆಲದ ಮೇಲಲ್ಲ. ಮೊದಮೊದಲು ತೊಡೆ ಉರಿದು ಬಯ್ದುಕೊಳ್ಳುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಕೋಲಿಲ್ಲದೇನೇ ಕೆಳಗಿರುತ್ತಿದ್ದರು.

ಅಂಗೈ ಪೂರ್ತಿ ಚಪ್ಪಟೆಯಾಗಿ ಬಡಿದರೆ ಮಣಿಕಟ್ಟು ನೋವು ಬರುತ್ತದೆ. ನಮ್ಮಲ್ಲಿ ಒಬ್ಬ ಎರಡು ವಾರ ಬ್ಯಾಂಡೇಜ್ ಹಾಕಿಕೊಂಡಿದ್ದ. ಭುಜದಿಂದ ಎತ್ತಿ ಹೊಡೆಯಬೇಡಿ, ಮೊಣಕೈಯಿಂದ ಬಿಡಿ. ಬೆರಳು ಸ್ವಲ್ಪ ಸಡಿಲ ಇರಲಿ. ಬೆವರಿನ ಕೈಯಲ್ಲಿ ತಟ್ಟಿದ ಜಾಗ ಜಾರುತ್ತದೆ, ಹಾಗಾಗಿ ತಟ್ಟೋ ಮುಂಚೆ ಚಡ್ಡಿಗೆ ಕೈ ಒರೆಸಿಕೊಳ್ಳೋದು ನಮ್ಮಲ್ಲಿ ಕಡ್ಡಾಯ.

ಇನ್ನು ಫೌಲ್. 2013-14ರಿಂದ ಡ್ರಿಬಲ್ ಮಾಡೋನ ಮೇಲೆ ಕೈ ಇಟ್ಟುಕೊಂಡಿರೋದು, ಎರಡೂ ಕೈ ಹಾಕೋದು, ತೋಳು ಅಡ್ಡ ಕೊಡೋದು, ಮತ್ತೆ ಮತ್ತೆ ತಿವಿಯೋದು ಎಲ್ಲಕ್ಕೂ ಕಾಲೇಜ್ ರೆಫರಿಗಳು ಸೀಟಿ ಊದುತ್ತಾರೆ. ವೋಜೋ ಕಾಲದ ಕೈಯಾಟ ಈಗ ನಡೆಯಲ್ಲ. ನೆಲ ತಟ್ಟಿದ ಹುಡುಗನಿಗೆ ರಕ್ತ ಬಿಸಿಯಾಗಿರುತ್ತದೆ, ಮೊದಲು ಮಾಡೋದೇ ಕೈ ಹಾಕೋದು. ಎರಡನೇ ಸೀಸನ್‌ನಲ್ಲಿ ನಮ್ಮ ಫೌಲ್‌ಗಳಲ್ಲಿ ಮೂರನೇ ಒಂದು ಭಾಗ ತಟ್ಟಿದ ಮೊದಲ ಮೂರ್ನಾಲ್ಕು ಸೆಕೆಂಡಿನಲ್ಲೇ ಬಿದ್ದವು. ಮ್ಯಾಚಿನ ಒಂದು ಅರ್ಧದಲ್ಲಿ ಏಳು ಟೀಮ್ ಫೌಲ್ ಆದರೆ ಎದುರಿನವರು ಫ್ರೀ ಥ್ರೋ ಗೆರೆಯಲ್ಲಿ. ಅದಕ್ಕೇ ಈಗ ಐದು ಫೌಲ್ ಆದ ಮೇಲೆ ಆ ಅರ್ಧದಲ್ಲಿ ತಟ್ಟೋದು ಬಂದ್. ಅಭ್ಯಾಸದಲ್ಲಿ ಎರಡೂ ಕೈಯಲ್ಲಿ ಟೆನಿಸ್ ಬಾಲ್ ಹಿಡಿಸಿ ಸ್ಲೈಡ್ ಮಾಡಿಸಿದೆ. ಹಳೇ ಉಪಾಯ, ಎಲ್ಲರಿಗೂ ಗೊತ್ತು, ಆದರೂ ಕೆಲಸ ಮಾಡುತ್ತದೆ.

ದುಡ್ಡಿನ ಮಾತು ಬರೆಯಲೇಬೇಕು. ಒಬ್ಬೊಬ್ಬ ಹುಡುಗ ಸೆಮಿಸ್ಟರ್‌ಗೆ 150 ಡಾಲರ್ ಹತ್ತಿರ ಕೊಡುತ್ತಾನೆ. ಲೀಗ್ ಫೀಸು, ರೆಫರಿಗಳು, ವ್ಯಾನ್ ಬಾಡಿಗೆ ಅದರಲ್ಲಿ ಬಹುಪಾಲು ತಿಂದುಹಾಕುತ್ತವೆ. ಕಾಲೇಜಿನ ಒಳಾಂಗಣ ನಮಗೆ ಸಿಗೋದು ರಾತ್ರಿ ಹತ್ತರ ಮೇಲೆ, ಅದೂ ದೊಡ್ಡ ಟೀಮ್‌ಗಳಿಗೆ ಬೇಡವಾದಾಗ. ಹೊರಗಡೆ ಮೇಪಲ್ ಮರದ ನೆಲದ ಜಿಮ್‌ಗೆ ಗಂಟೆಗೆ 80-90 ಡಾಲರ್. ರಬ್ಬರ್ ನೆಲದ್ದು 40-45ಕ್ಕೆ ಸಿಗುತ್ತದೆ. ರಬ್ಬರ್ ಮೇಲೆ ತಟ್ಟಿದರೆ ದಿಂಬು ಬಡಿದ ಸದ್ದು, ಅಂಗೈ ಬೇರೆ ಅಂಟಿಕೊಳ್ಳುತ್ತದೆ. ಹಾಗಾಗಿ ಮರದ ನೆಲವೇ ಬೇಕು ಅಂತ ಹಠ ಹಿಡಿದೆ. ಎಲ್ಲ ಸೇರಿ ನನ್ನ ಜೇಬಿನಿಂದಲೇ ಹದಿನೈದು ನೂರು ಡಾಲರ್ ಹೋಗಿರಬೇಕು. ಶೂ ಒರೆಸೋ ಅಂಟು ಮ್ಯಾಟ್‌ಗೆ ಇನ್ನೂರರ ಹತ್ತಿರ ಕೊಟ್ಟೆ. ಒದ್ದೆ ಟವೆಲ್ ಅದಕ್ಕಿಂತ ವಾಸಿ. ಅದನ್ನು ಕೊಳ್ಳಬೇಡಿ.

ಈ ಖರ್ಚು ಇಳಿದದ್ದು ಮೈಸೂರಿನಿಂದ. ರಜೆಗೆ ಬಂದಾಗ ನಮ್ಮ ಹಳೇ ಕಾಲೇಜು ಮೈದಾನದಲ್ಲಿ ಹುಡುಗರಿಗೆ ಇದನ್ನು ಹೇಳಿಕೊಡೋಕೆ ಹೋದೆ. ಸಿಮೆಂಟ್ ಕೋರ್ಟ್. ಹನ್ನೊಂದು ಗಂಟೆ ಬಿಸಿಲಿಗೆ ಅಂಗೈ ಇಟ್ಟರೆ ಚರ್ಮ ಬರುತ್ತದೆ, ತಟ್ಟೋದು ಎಲ್ಲಿ ಬಂತು? ಒಬ್ಬ ಹುಡುಗ ಕಬಡ್ಡಿಯವರ ಹಾಗೆ ತೊಡೆ ತಟ್ಟಿದ. ಸದ್ದು ಭರ್ಜರಿ ಬಂತು, ಉಳಿದವರಿಗೂ ಹುರುಪು ಬಂತು. ಆದರೆ ತೊಡೆ ತಟ್ಟೋಕೆ ಬಗ್ಗಬೇಕಿಲ್ಲ, ಸೊಂಟ ಇದ್ದಲ್ಲೇ ಇತ್ತು. ಆಮೇಲೆ ತೊಡೆ ಬಿಟ್ಟು ಶೂ ತುದಿ ಮುಟ್ಟಿಸಿದೆ. ಆಗ ಸೊಂಟ ಸರಿಯಾಗಿ ಇಳಿಯಿತು. ವಾಪಸ್ ಬಂದವನೇ ಅಭ್ಯಾಸವನ್ನು ರಬ್ಬರ್ ನೆಲದ ಜಿಮ್‌ಗೆ ಹಾಕಿದೆ. ಅಲ್ಲಿ ಶೂ ತುದಿ ಮುಟ್ಟಿ ಆಡೋದು, ಮ್ಯಾಚ್‌ನಲ್ಲಿ ಮರದ ನೆಲ ತಟ್ಟೋದು. ಬಾಡಿಗೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಕೈಗಳಿಗೂ ಆರಾಮ.

ಬೇರೆ ಪ್ರಯೋಗಗಳೂ ಆದವು. ಜೋನ್‌ನಲ್ಲಿ, ಅಂದರೆ ಆಳನ್ನು ಬಿಟ್ಟು ಜಾಗ ಕಾಯೋ ಡಿಫೆನ್ಸ್‌ನಲ್ಲಿ, ತಟ್ಟಿಸಿ ನೋಡಿದೆ, ಏನೂ ಉಪಯೋಗವಿಲ್ಲ. ಯಾರು ಯಾರಿಗೆ ಜವಾಬ್ದಾರಿ ಅಂತ ಗೊತ್ತಿಲ್ಲದ ಕಡೆ ತಟ್ಟಿ ಏನು ಮಾಡ್ತೀರಿ? ಚಪ್ಪಾಳೆ ಹಾಕಿಸಿದೆ, ಕೈ ಮೇಲಿದ್ದರೆ ಎದೆಯೂ ಮೇಲೇ ಇರುತ್ತದೆ. ಬೆಂಚಿನವರೂ ಜೊತೆಗೆ ನೆಲ ತಟ್ಟಿದಾಗ ಒಳಗಿರೋರು ಗಮನ ಕಳ್ಕೊಂಡರು. ಡಿಫೆನ್ಸ್ ಬಾರದ ಹುಡುಗನೊಬ್ಬನಿಗೆ ತಟ್ಟೋ ಹಕ್ಕು ಕೊಟ್ಟಿದ್ದು ಮಾತ್ರ ಚೆನ್ನಾಗಿ ಫಲಿಸಿತು. ತಟ್ಟಿದ ಮೇಲೆ ಸೋಲಬಾರದು ಅಂತ ಅವನು ಜೀವ ಕೊಟ್ಟು ಆಡಿದ, ಈಗ ನಮ್ಮ ಎರಡನೇ ಒಳ್ಳೆ ಡಿಫೆಂಡರ್ ಅವನೇ.

ತಟ್ಟೋಕೆ ಯಾರು ಕರೀತಾರೆ, ಏನು ಸನ್ನೆ ಅನ್ನೋದನ್ನು ಬರೆಯಲ್ಲ. ನಮ್ಮ ಲೀಗ್‌ನಲ್ಲಿ ಕನ್ನಡ ಓದೋ ಅಪ್ಪ ಅಮ್ಮಂದಿರ ಮಕ್ಕಳು ಎದುರು ಟೀಮ್‌ಗಳಲ್ಲೂ ಇದ್ದಾರೆ. ತಟ್ಟಿದ ಮೇಲೆ ಮೊದಲ ಸ್ಕ್ರೀನ್ ಬಂದಾಗ (ಎದುರಿನವನು ನಮ್ಮ ಡಿಫೆಂಡರ್ ದಾರಿಗೆ ಅಡ್ಡ ನಿಂತಾಗ) ನಾವು ಮಾಡೋದೂ ಸದ್ಯಕ್ಕೆ ನಮ್ಮಲ್ಲೇ ಇರಲಿ. ಎಷ್ಟು ಸಲ ಅಂತ ಹೇಳಬಲ್ಲೆ: ಒಂದು ಮ್ಯಾಚ್‌ಗೆ ಐದಾರು, ಜಾಸ್ತಿ ಅಂದರೆ ಎಂಟು. ಟೈಮ್‌ಔಟ್ ಮುಗಿದ ಮೇಲೆ, ಇಲ್ಲವೇ ನಾವು ಬಾಸ್ಕೆಟ್ ಹಾಕಿ ಎಲ್ಲರೂ ಹಿಂದೆ ಬಂದು ನಿಂತಾಗ. ಕಾಲಲ್ಲಿ ದಮ್ಮಿಲ್ಲದಾಗ ತಟ್ಟಿದರೆ ಎದುರಿನವರಿಗೇ ಹುರುಪು.

ಫೆಬ್ರವರಿಯಲ್ಲಿ ನಮ್ಮನ್ನು ಹಿಂದೆ ಇಪ್ಪತ್ತರ ಮೇಲೆ ಸೋಲಿಸಿದ್ದರಲ್ಲ, ಅದೇ ಬ್ಯಾಕ್‌ಡೋರ್ ಟೀಮ್ ಮತ್ತೆ ಸಿಕ್ಕಿತು. ನಾಲ್ಕು ನಿಮಿಷ ಚಿಲ್ಲರೆ ಬಾಕಿ, ನಾವು ಮೂರು ಪಾಯಿಂಟ್ ಹಿಂದೆ. ಟೈಮ್‌ಔಟ್ ಮುಗಿಸಿ ಬಂದು ತಟ್ಟಿದರು. ಅವರ ಮೂಲೆ ಹುಡುಗ ಹಳೇ ಅಭ್ಯಾಸದಲ್ಲಿ ಬ್ಯಾಕ್‌ಡೋರ್ ಕಟ್ ಮಾಡಿದ. ನಮ್ಮವನ ಚಾಚಿದ ಕೈ ಅಲ್ಲೇ ಇತ್ತು. ಪಾಸ್ ಕೊಡೋಕಾಗದೆ ಗಾರ್ಡ್ ಸೈಡ್‌ಲೈನ್ ಹತ್ತಿರ ಡ್ರಿಬಲ್ ನಿಲ್ಲಿಸಿಬಿಟ್ಟ. ರೆಫರಿ ಕೈ ಬೀಸಿ ಐದು ಸೆಕೆಂಡ್ ಎಣಿಸತೊಡಗಿದರು (ಅಷ್ಟರಲ್ಲಿ ಬಾಲ್ ಬಿಡದಿದ್ದರೆ ಅದು ನಮ್ಮದು), ಒಂದು, ಎರಡು, ಮೂರು. ಐದಾಗೋ ಮುಂಚೆ ಗಾಬರಿಯಲ್ಲಿ ಎಸೆದ, ನಮಗೆ ಸಿಕ್ಕಿತು, ಆ ಕಡೆ ಲೇಅಪ್. ಮುಂದಿನ ಸಲ ಮತ್ತೆ ತಟ್ಟಿದರು. ಮೂರು ಪಾಸ್ ಆಗಿ ಕೊನೆಗೆ ದೂರದಿಂದ ಏನೋ ಒಂದು ಎಸೆದರು, ರಿಮ್ ಕೂಡ ಮುಟ್ಟಲಿಲ್ಲ. ನಾಲ್ಕೋ ಐದೋ ಪಾಯಿಂಟ್‌ನಲ್ಲಿ ಗೆದ್ದೆವು. ನಿಲ್ಲಿಸೋಣ ಅಂದಿದ್ದ ಅಸಿಸ್ಟೆಂಟ್ ಆ ರಾತ್ರಿಯೇ ವಿಡಿಯೋ ಕತ್ತರಿಸಿ ಎಲ್ಲರಿಗೂ ಕಳಿಸಿದ. ಆಮೇಲೆ ಬೇರೆ ಟೀಮಿನ ಕೋಚ್‌ಗಳೂ ಫೋನ್ ಮಾಡಿ ಕೇಳಿದರು. ಕೋಲಿನ ಡ್ರಿಲ್ ಹೇಳಿಕೊಟ್ಟೆ, ಸನ್ನೆ ಹೇಳಲಿಲ್ಲ.

ಈಗ ನಮ್ಮ ಕಾಲೇಜಿನ ಹುಡುಗಿಯರ ಕ್ಲಬ್ ಟೀಮೂ ಕೇಳಿದೆ. ಅವರ ಲೆಕ್ಕ ಬೇರೆ. ಕಾಲೇಜ್ ಹುಡುಗಿಯರ ಆಟ 2015-16ರಿಂದ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಕ್ವಾರ್ಟರ್ ಮುಗಿದಾಗೆಲ್ಲ ಟೀಮ್ ಫೌಲ್ ಸೊನ್ನೆಯಿಂದ ಶುರು, ಐದನೆಯದಕ್ಕೆ ಎರಡು ಫ್ರೀ ಥ್ರೋ. ಅಂದರೆ ಪ್ರತಿ ಕ್ವಾರ್ಟರ್‌ನ ಮೊದಲ ಮೂರು ನಿಮಿಷದಲ್ಲಿ ಧೈರ್ಯವಾಗಿ ತಟ್ಟಬಹುದು. ಹುಡುಗರಿಗೆ ಹಾಕಿದ "ಐದರ ನಂತರ ಬಂದ್" ನಿಯಮ ಇಲ್ಲಿ "ಮೂರರ ನಂತರ ಬಂದ್" ಆಗಬೇಕು ಅಂತ ನನ್ನ ಅಂದಾಜು. ಸೆಪ್ಟೆಂಬರ್‌ನಲ್ಲಿ ರಬ್ಬರ್ ನೆಲದ ಜಿಮ್‌ನಲ್ಲೇ ಶುರು ಮಾಡುತ್ತಿದ್ದೇವೆ, ವಾರಕ್ಕೆ ಎರಡು ಸಂಜೆ.